ಡಿಜೆ ಮಿಕ್ಸ್ ಅನ್ನು ‘ಮಾಸ್ಟರಿಂಗ್’ಗೆ ಕೊಡುವ ಮುನ್ನ ನನ್ನ 5,000 ರೂಪಾಯಿಯ ಕಥೆ ಕೇಳಿ

ಹೇಳಿಕೊಳ್ಳಲು ನಾಚಿಕೆಯಾಗುತ್ತಿದೆ. ಹನ್ನೊಂದು ವರ್ಷದಿಂದ ಆರತಕ್ಷತೆ, ಗಣೇಶೋತ್ಸವ ಎಂದು ಡಿಜೆ ಕೆಲಸ ಮಾಡುತ್ತಿರುವವನು ನಾನು. ಆದರೂ ಮೋಸ ಹೋದೆ, ಅದೂ ದನಿ ಜೋರಾಗಿದೆ ಎಂಬ ಒಂದೇ ಕಾರಣಕ್ಕೆ.

ಹಾಡುಗಳನ್ನು ಒಂದಕ್ಕೊಂದು ಬೆಸೆದ 70 ನಿಮಿಷದ ಮಿಕ್ಸ್. ಮನೆಯಲ್ಲೇ 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದ್ದೆ, ಲೆವೆಲ್ −6 ಡೆಸಿಬಲ್ (ಗರಿಷ್ಠ ಮಿತಿಗಿಂತ 6 ಕೆಳಗೆ) ದಾಟದಂತೆ ಕಾದು ಕುಳಿತು. ಸ್ವಲ್ಪ ಮೆತ್ತಗೆ ಕೇಳುತ್ತಿತ್ತು, ಅಷ್ಟೇ. ಅಷ್ಟಕ್ಕೇ ಮಾಸ್ಟರಿಂಗ್‌ಗೆಂದು, ಅಂದರೆ ಧ್ವನಿಗೆ ಕೊನೆಯ ಹದ ಕೊಡಿಸಲೆಂದು, ಸ್ಟುಡಿಯೊಗೆ ಒಯ್ದೆನಲ್ಲ!

ಆಸಾಮಿ ಮೊದಲು ನನ್ನ ಫೈಲ್ ಕೇಳಿಸಿದ. ಆಮೇಲೆ ತನ್ನದು. ಎದೆಗೆ ಗುದ್ದಿದಂತಾಯಿತು. ‘ಅಬ್ಬಾ’ ಎಂದೆ. ಹೌದು, ನಾನೇ ಎಂದೆ. ನಿಂತಲ್ಲೇ ಮೊಬೈಲ್ ತೆಗೆದು 5,000 ರೂಪಾಯಿ ಕಳುಹಿಸಿದೆ. ಎರಡನ್ನೂ ಒಂದೇ ದನಿಗೆ ತಂದು ಕೇಳಿಸಿ ಎನ್ನಬೇಕೆಂದು ಹೊಳೆಯಲೇ ಇಲ್ಲ. ಜೋರಾಗಿದ್ದದ್ದೆಲ್ಲ ಚೆನ್ನಾಗಿದೆ ಎಂದು ಕಿವಿ ನಂಬಿಬಿಡುತ್ತದೆ. ಮದುವೆ ಮನೆಗಳಲ್ಲಿ ನಾನೇ ಹೂಡುವ ಉಪಾಯ ಅದು!

ಯೂಟ್ಯೂಬ್‌ಗೆ ಹಾಕಿದೆ. ಅದು ಅತಿ ಜೋರಿನ ಧ್ವನಿಯನ್ನು ತಾನೇ ತಗ್ಗಿಸುತ್ತದೆ. ಜೋರು ಹೋಯಿತು, ಹಾಳಾದದ್ದು ಮಾತ್ರ ಉಳಿಯಿತು. ಕಿಕ್, ಅಂದರೆ ಡ್ರಮ್‌ನ ‘ಧಂ’ ಎನ್ನುವ ಪೆಟ್ಟು, ಸತ್ತಿತ್ತು. ನಡುವೆ ಬೆರೆಸಿದ್ದ ತಮಟೆಯ ಒಂದೊಂದು ಪೆಟ್ಟಿಗೂ ಗಾಯಕರ ದನಿ ಮುಳುಗಿ ಏಳುತ್ತಿತ್ತು. ಹಾಡುಗಳು ಮೊದಲೇ ಕಂಪ್ರೆಸ್ ಆಗಿ, ಅಂದರೆ ಜೋರು-ಮೆತ್ತಗಿನ ನಡುವಿನ ಅಂತರ ತಗ್ಗಿ, ಬಂದಿರುತ್ತವೆ. ಅವುಗಳ ಮೇಲೆ ಮತ್ತೆ ಕಂಪ್ರೆಸರ್, ಅದರ ಮೇಲೆ ಮಿತಿ ದಾಟುವ ತುದಿಗಳನ್ನು ಅದುಮುವ ಲಿಮಿಟರ್. ಪರದೆಯಲ್ಲಿ ಅಲೆಯೇ ಇಲ್ಲ, ಉದ್ದಕ್ಕೂ ಇಟ್ಟಿಗೆ ಗೋಡೆ.

ಕೇಳಿದರೆ, ‘ನಿಮ್ಮ ಸ್ಪೀಕರ್ ಸರಿಯಿಲ್ಲ ಸರ್.’ ಮರುದಿನ, ‘ಈಗಿನವರಿಗೆ ಹೀಗೇ ಬೇಕು ಸರ್.’ ಜಗಳವಾಡಿದ ಮೇಲೆ ‘ಸರಿಪಡಿಸಿದ’ ಫೈಲ್ ಬಂತು. ತೆರೆದು ನೋಡಿದರೆ ಅದೇ ಫೈಲ್, 3 ಡೆಸಿಬಲ್ ತಗ್ಗಿಸಿದ್ದು! ತಲೆ ಕಡಿದ ಅಲೆಯನ್ನು ಕೆಳಗಿಳಿಸಿದರೆ ತಲೆ ಚಿಗುರುತ್ತದೆಯೇ? ಎರಡನೆಯ ಸಲವೂ ನನ್ನನ್ನು ಪೆದ್ದ ಎಂದುಕೊಂಡಿದ್ದಾನೆ ಎಂಬುದೇ ಹೆಚ್ಚು ಉರಿಯುತ್ತಿದೆ.

ಮೂಲ ಫೈಲ್ ಯಾವತ್ತೂ ನಿಮ್ಮ ಕೈಯಲ್ಲೇ ಇರಲಿ. ನನ್ನ ಪುಣ್ಯಕ್ಕೆ ಇತ್ತು. ಹಾಡಿನಿಂದ ಹಾಡಿಗೆ ಬರುವ ಏರುಪೇರನ್ನು ಮಿಕ್ಸರ್‌ನ ಗೇನ್‌ನಲ್ಲೇ (ಒಳಬರುವ ಧ್ವನಿಯ ಮಟ್ಟ ಹೊಂದಿಸುವ ಗುಂಡಿ) ಸರಿದೂಗಿಸಿ, ಕೆಂಪು ದೀಪ ಹತ್ತಲು ಬಿಡಬೇಡಿ. ಅಲ್ಲಿ ಒಡೆದ ಧ್ವನಿಯನ್ನು ಎಷ್ಟು ಮೆತ್ತಗೆ ರೆಕಾರ್ಡ್ ಮಾಡಿದರೂ ಒಡೆದದ್ದೇ. ಕೊನೆಯಲ್ಲಿ ದನಿ ಏರಿಸಿಕೊಳ್ಳಿ, ಲಿಮಿಟರ್ ಒಂದೆರಡು ಡೆಸಿಬಲ್ ತಾಗಿದರೆ ಸಾಕು. ಇಷ್ಟಕ್ಕೆ ಯಾರಿಗೂ ದುಡ್ಡು ಸುರಿಯಬೇಡಿ.

ಹಣ ವಾಪಸ್ ಕೇಳಿದ್ದಕ್ಕೆ ನಿನ್ನೆ ಬಂದ ಉತ್ತರ: ‘ಅವತ್ತು ಅಬ್ಬಾ ಎಂದವರು ನೀವೇ ಅಲ್ಲವೇ ಸರ್?’