ಚುಟ್ಟಿಗೇ ಒಂದು ಬ್ರಷ್: ಕ್ರಿತಾದಲ್ಲಿ ಬಣ್ಣದ ವೇಷ

ಫೋಟೋ ನೋಡಿ ಡಿಜಿಟಲ್ ಪೇಂಟಿಂಗ್ ಮಾಡ್ಲಿಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ ಮಂಗಳೂರಲ್ಲಿ ಪರಿಚಯದ ಮಕ್ಕಳೆಲ್ಲ ಕೇಳ್ತಾರೆ, ನಾನು ಹೇಳುದು ಕ್ರಿತಾ. ದುಡ್ಡು ಕೊಡ್ಲಿಕ್ಕಿಲ್ಲ ಅಂತ ಮಾತ್ರ ಅಲ್ಲ, ಬೇಕಾದ ಬ್ರಷ್ ನಾವೇ ಮಾಡ್ಕೊಳ್ಳುವ ವ್ಯವಸ್ಥೆ ಇದ್ರಲ್ಲಿ ಅಷ್ಟು ಚಂದ ಉಂಟು.

ನಾನು ತಗೊಂಡದ್ದು ಯಕ್ಷಗಾನ ಆಟದ ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟುವ ಜಾಗದಲ್ಲಿ ತೆಗೆದ ಫೋಟೋ, ತೆಂಕುತಿಟ್ಟಿನ (ಯಕ್ಷಗಾನದ ತೆಂಕು ಶೈಲಿ) ಬಣ್ಣದ ವೇಷ, ಅಂದ್ರೆ ರಾಕ್ಷಸ ಪಾತ್ರದ್ದು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಮುಳ್ಳುಮುಳ್ಳಾಗಿ ಚುಟ್ಟಿ ಇಡ್ತಾರಲ್ಲ, ಆ ವೇಷದ ಗತ್ತೇ ಅದು. ಫೋನಿನ ಪೇಂಟಿಂಗ್ ಫಿಲ್ಟರ್ ಹಾಕಿದ್ರೆ ಎಲ್ಲ ಸೇರಿ ಒಂದು ಬಿಳಿ ಪಟ್ಟಿ ಆಗ್ತದೆ, ಗಂಟೆಗಟ್ಲೆ ಕೂತು ಇಟ್ಟ ಚುಟ್ಟಿಗೆ ಅದು ಮರ್ಯಾದೆ ಅಲ್ಲ ಮಾರಾಯ್ರೆ.

ಹಾಗಾಗಿ ಚುಟ್ಟಿಗೇ ಬೇರೆ ಬ್ರಷ್. ಸಣ್ಣ ಟ್ರಾನ್ಸ್‌ಪರೆಂಟ್ ಕ್ಯಾನ್ವಾಸಲ್ಲಿ ಒಂದೇ ಒಂದು ಮುಳ್ಳು ಬರೀರಿ, ಬೂದು ಬಣ್ಣದಲ್ಲಿ, ಬೆಳಕು ಬೀಳುವ ಬದಿ ಬಿಳಿ, ಬುಡದಲ್ಲಿ ಸ್ವಲ್ಪ ಕಪ್ಪು. ಎಫ್5 ಒತ್ತಿದ್ರೆ ಬ್ರಷ್ ಎಡಿಟರ್ ಬರ್ತದೆ, ಅಲ್ಲಿ ಸ್ಟ್ಯಾಂಪ್ ಕೊಟ್ರೆ ಆ ಮುಳ್ಳೇ ಬ್ರಷ್ಷಿನ ತುದಿ ಆಯ್ತು. ಲೈಟ್‌ನೆಸ್ ಮ್ಯಾಪ್ ಮೋಡಿಗೆ ಹಾಕಿ, ಆಗ ಯಾವ ಬಣ್ಣ ಹಿಡಿದ್ರೂ ಆ ಬೆಳಕು ನೆರಳು ಉಳೀತದೆ, ಮತ್ತೆ ಸ್ಪೇಸಿಂಗ್ ಜಾಸ್ತಿ ಮಾಡಿದ್ರೆ ಗೆರೆ ಎಳೆದ ಕಡೆಗೆಲ್ಲ ಮುಳ್ಳು ಬಿಡಿಬಿಡಿಯಾಗಿ ಸಾಲಾಗಿ ಬೀಳ್ತದೆ, ಸೈಜನ್ನು ಪೆನ್ನಿನ ಪ್ರೆಶರಿಗೆ ಕೊಟ್ರೆ ಕೆನ್ನೆಯಲ್ಲಿ ದಪ್ಪ, ಕಣ್ಣಿನ ಹತ್ರ ಬರುವಾಗ ಸಪೂರ. ರೊಟೇಶನ್ ಮಾತ್ರ ಆಫ್ ಇರ್ಲಿ, ಇಲ್ಲದಿದ್ರೆ ಗೆರೆ ತಿರುಗಿದ ಹಾಗೆ ಬೆಳಕೂ ತಿರುಗಿ ಮುಖ ಅಡಿಮೇಲು ಕಾಣ್ತದೆ. ಇದು ಸರಿಯಾದಾಗ ಸಿಗುವ ಖುಷಿ ಉಂಟಲ್ಲ, ರೆಡಿಮೇಡ್ ಬ್ರಷ್ಷಲ್ಲಿ ಅದು ಸಿಕ್ಕುದಿಲ್ಲ.

ಅಡಿಯ ಕೆಂಪು, ಕಪ್ಪಿಗೆ ಬಣ್ಣ ಒಂದಕ್ಕೊಂದು ಬೆರೆಸುವ ಕಲರ್ ಸ್ಮಡ್ಜ್ ಬ್ರಷ್ ಧಾರಾಳ ಸಾಕು. ಫೋಟೋವನ್ನು ರೆಫರೆನ್ಸ್ ಇಮೇಜ್ ಟೂಲಲ್ಲಿ ಪಕ್ಕಕ್ಕೆ ಇಟ್ಕೊಂಡ್ರೆ ಅದ್ರಿಂದಲೇ ಬಣ್ಣ ತೆಗಿಬಹುದು, ಆದ್ರೆ ಚೌಕಿಯ ಬಲ್ಬಿನ ಹಳದಿ ಎಲ್ಲಾ ಬಣ್ಣಕ್ಕೂ ಹತ್ತಿರ್ತದೆ, ಪೂರ್ತಿ ಫೋಟೋವನ್ನೇ ನಂಬ್ಬೇಡಿ, ಆಟ ನೋಡಿದ ಕಣ್ಣನ್ನೂ ಕೇಳಿ.

ಪ್ರೆಶರ್ ಇರುವ ಪೆನ್ ಟ್ಯಾಬ್ಲೆಟ್ ಬೇಕೇ ಬೇಕು, ಮೌಸಲ್ಲಿ ದಪ್ಪ ಸಪೂರ ಬರುದಿಲ್ಲ. ಲ್ಯಾಪ್‌ಟಾಪ್ ಹಳೇದಾದ್ರೆ ದೊಡ್ಡ ಸ್ಮಡ್ಜ್ ಬ್ರಷ್ ನಿಧಾನ ಆಗ್ತದೆ, ಕ್ಯಾನ್ವಾಸ್ ಸಣ್ಣದಿಡಿ. ಐಪ್ಯಾಡಿಗೆ ಕ್ರಿತಾ ಇಲ್ಲ, ಆಂಡ್ರಾಯ್ಡ್ ಟ್ಯಾಬಿಗೆ ಉಂಟು. ಅವರ ವೆಬ್‌ಸೈಟಲ್ಲಿ ಫ್ರೀ, ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ತಗೊಂಡ್ರೆ ದುಡ್ಡು ಕೊಡ್ಬೇಕು, ಅದು ಮಾಡಿದವರ ಕೆಲಸಕ್ಕೇ ಹೋಗ್ತದೆ, ಆಗುವವರು ಹಾಗೇ ತಗೊಳ್ಳಿ. ಚುಟ್ಟಿ ಬ್ರಷ್ಷನ್ನು ಬಂಡಲ್ (ಕ್ರಿತಾಕ್ಕೆ ಸೇರಿಸ್ಕೊಳ್ಳುವ ಫೈಲ್) ಮಾಡಿ ಇಟ್ಟಿದ್ದೇನೆ, ಬೇಕಾದವ್ರು ಕೇಳಿ, ಕಳಿಸ್ತೇನೆ.