ಸಣ್ಣ ಜೋರು ಕಾರಿಗೆ ಯಾವ ಡಿಫ್: ಎಲೆಕ್ಟ್ರಾನಿಕ್ಕೋ, ಮೆಕ್ಯಾನಿಕಲ್ಲೋ?

ನಂದಿ ಬೆಟ್ಟದ ಹೇರ್‌ಪಿನ್‌ನಲ್ಲಿ ಎರಡನೇ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದರೆ, ಮುಂಚಕ್ರಕ್ಕೆ ಶಕ್ತಿ ಕೊಡುವ ಟರ್ಬೊ ಹ್ಯಾಚ್‌ಬ್ಯಾಕ್‌ಗಳಲ್ಲಿ ಮೊದಲು ಹಿಡಿತ ಬಿಡುವುದು ಒಳಗಿನ ಚಕ್ರ. ಎಂಜಿನ್ನಿನ ಶಕ್ತಿಯನ್ನು ಎಡ-ಬಲ ಚಕ್ರಗಳಿಗೆ ಹಂಚಿ, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರ್ ಜೋಡಣೆಯೇ ಡಿಫ್ (ಡಿಫರೆನ್ಷಿಯಲ್). ಮಾಮೂಲಿ ಓಪನ್ ಡಿಫ್ ಎರಡೂ ಕಡೆ ಸಮ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಒಳಚಕ್ರ 200 ನ್ಯೂಟನ್ ಮೀಟರ್ ಮಾತ್ರ ತಾಳುತ್ತದೆ ಎಂದುಕೊಳ್ಳಿ. ಹೊರಚಕ್ರಕ್ಕೂ ಅಷ್ಟೇ ಸಿಗುತ್ತದೆ, ಒಟ್ಟು 400. ಮಿಕ್ಕಿದ್ದು ಟೈರ್ ಹೊಗೆ.

ಎಲೆಕ್ಟ್ರಾನಿಕ್ ಡಿಫ್ ಅಂತ ಶೋರೂಮಿನಲ್ಲಿ ಹೇಳಿದರೆ ಯಾವುದು ಅಂತ ಕೇಳಿ. ಫೋಕ್ಸ್‌ವ್ಯಾಗನ್‌ನ ಎಕ್ಸ್‌ಡಿಎಸ್ ಥರದವು ಬರೀ ಬ್ರೇಕ್ ಕೆಲಸ. ಒಳಚಕ್ರದ ಮೇಲೆ 200 ನ್ಯೂಟನ್ ಮೀಟರ್ ಬ್ರೇಕ್ ಹಾಕಿದರೆ ಆ ಬದಿಯಲ್ಲಿ ಒಟ್ಟು 400 ಎದುರೊತ್ತು ಆಗುತ್ತದೆ, ಹೊರಚಕ್ರಕ್ಕೂ 400 ಹೋಗುತ್ತದೆ. ರಸ್ತೆಗೆ ಸಿಕ್ಕಿದ್ದು 600, ಆದರೆ ಅದಕ್ಕಾಗಿ ಗೇರ್‌ಬಾಕ್ಸಿನಿಂದ 800 ಬರಬೇಕು. ಉಳಿದ 200 ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹೋಯಿತು. ಔಟರ್ ರಿಂಗ್ ರೋಡಿನ ಮಳೆಗೆ, ಬೇಸ್‌ಮೆಂಟ್ ರ‍್ಯಾಂಪಿಗೆ ಇದು ಧಾರಾಳ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ ಒಯ್ದರೆ ಕೆಲವೇ ಸುತ್ತಿನಲ್ಲಿ ಮುಂದಿನ ಬ್ರೇಕ್ ಕಾಯುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಬ್ರೇಕ್ ಅತಿಯಾಗಿ ಬಿಸಿಯಾದರೆ ಡಿಫ್ ಲಾಕಿನ ಕೆಲಸವನ್ನು ವ್ಯವಸ್ಥೆ ತಾನೇ ನಿಲ್ಲಿಸಿಬಿಡುತ್ತದೆ, ಅದೂ ಬೇಕಾದ ಹೊತ್ತಿನಲ್ಲೇ.

ಇನ್ನೊಂದು ಬಗೆ ನಿಜವಾದ ಡಿಫ್ ಲಾಕ್. 2013ರ ಗಾಲ್ಫ್ ಜಿಟಿಐ ಪರ್ಫಾರ್ಮೆನ್ಸ್‌ನಲ್ಲಿ ಬಂದದ್ದು, ನಮ್ಮಲ್ಲಿ ಆಕ್ಟೇವಿಯಾ ಆರ್‌ಎಸ್ 245ರಲ್ಲೂ 2025ರ ಗಾಲ್ಫ್ ಜಿಟಿಐಯಲ್ಲೂ ಸಿಕ್ಕದ್ದು. ಡಿಫ್ ಗೂಡಿಗೂ ಒಂದು ಆಕ್ಸಲ್ಲಿಗೂ ನಡುವೆ ಕ್ಲಚ್ ಪ್ಲೇಟುಗಳ ಕಟ್ಟು, ಅದನ್ನು ಒತ್ತಲು ಎಲೆಕ್ಟ್ರಿಕ್ ಪಂಪಿನ ಆಯಿಲ್. ಪಾರ್ಕಿಂಗ್‌ನಲ್ಲಿ ಪೂರ್ತಿ ಸಡಿಲ, ತಿರುವಿನಿಂದ ಹೊರಬರುವಾಗ ಬಿಗಿ. ಸ್ಟೀರಿಂಗ್ ಕೈಯಲ್ಲಿ ಎಳೆಯುವುದೂ ಕಮ್ಮಿ. ಕಾರ್ಖಾನೆಯಿಂದಲೇ ಬಂದಿದ್ದರೆ ಇದಕ್ಕಿಂತ ಒಳ್ಳೆಯದನ್ನು ಹುಡುಕಬೇಕಿಲ್ಲ. ಆದರೆ ಇದರ ಆಯಿಲ್ ಗೇರ್‌ಬಾಕ್ಸ್ ಆಯಿಲ್‌ಗಿಂತ ಬೇರೆ. ಪ್ಲೇಟಿನ ಪುಡಿ ಪಂಪಿನ ಜಾಲರಿಗೆ ಮೆತ್ತಿಕೊಂಡರೆ ಒತ್ತಡ ಬೀಳುತ್ತದೆ, ಪಂಪೇ ಸುಡಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸರ್ವಿಸ್ ಬಿಲ್ಲಿನಲ್ಲಿ ಈ ಆಯಿಲ್ ಬದಲಿಸಿದ ಸಾಲು ಇದೆಯಾ ಅಂತ ನೋಡಲೇಬೇಕು. ಈ ಡಿಫ್ ಲಾಕನ್ನು ಬೇರೆ ಕಾರಿಗೆ ಕೂರಿಸುವ ಯೋಚನೆ ಬೇಡ. ಕಂಟ್ರೋಲ್ ಯೂನಿಟ್, ವೈರಿಂಗ್, ಕೋಡಿಂಗ್ ಎಲ್ಲ ಜೊತೆಗೆ ಬರಬೇಕು.

ಮೆಕ್ಯಾನಿಕಲ್‌ನಲ್ಲಿ ನಮ್ಮ ಆಯ್ಕೆ ಹೆಲಿಕಲ್ (ಓರೆ ಹಲ್ಲಿನ) ಗೇರಿನದು, ಕ್ವೈಫ್ ಮತ್ತು ಟಾರ್ಸನ್ ಬ್ರ್ಯಾಂಡಿನ ಜಾತಿಯದು. ಹಿಡಿತ ಕಮ್ಮಿಯಿರುವ ಚಕ್ರದ ಎಷ್ಟು ಪಟ್ಟು ಟಾರ್ಕ್ ಇನ್ನೊಂದಕ್ಕೆ ಹೋಗಬಲ್ಲದು ಎಂಬ ಅನುಪಾತ 2.5 ಇದ್ದರೆ ಒಳಚಕ್ರದ 200ಕ್ಕೆ ಹೊರಚಕ್ರಕ್ಕೆ 500 ತನಕ ಹೋಗುತ್ತದೆ. ಒಟ್ಟು 700, ಬ್ರೇಕಿಗೆ ಏನೂ ಸೋರುವುದಿಲ್ಲ. ಸವೆಯುವ ಪ್ಲೇಟಿಲ್ಲ, ಮಾಮೂಲಿ ಗೇರ್ ಆಯಿಲ್ ಸಾಕು. ದೊಡ್ಡ ದೌರ್ಬಲ್ಯ: ಸೊನ್ನೆಯನ್ನು 2.5ರಿಂದ ಗುಣಿಸಿದರೂ ಸೊನ್ನೆ. ಓರೆಯಾಗಿ ಹಂಪ್ ಹತ್ತಿ ಒಂದು ಚಕ್ರ ಎದ್ದರೆ ಓಪನ್ ಡಿಫ್‌ನಂತೆಯೇ ನಿಂತುಬಿಡುತ್ತದೆ. ಆಗ ಎಡಗಾಲಿನಿಂದ ಬ್ರೇಕ್ ಮೆಲ್ಲಗೆ ಮುಟ್ಟಿದರೆ ಎದ್ದ ಚಕ್ರಕ್ಕೆ ಎದುರೊತ್ತು ಸಿಕ್ಕಿ ಕಾರು ಹೊರಡುತ್ತದೆ. ಬ್ರೇಕ್ ಆಧಾರಿತ ಎಲೆಕ್ಟ್ರಾನಿಕ್ಸ್ ಇರುವ ಕಾರಿನಲ್ಲಿ ಅದೇ ಈ ಕೆಲಸ ಮಾಡುತ್ತದೆ, ಹಾಗಾಗಿ ಎರಡೂ ಸೇರಿದರೆ ಬಹಳ ಚೆನ್ನ. ವೈಟ್‌ಟಾಪಿಂಗ್ ಕಾಂಕ್ರೀಟಿನ ಅಂಚಿನಲ್ಲಿ ಒಂದು ಚಕ್ರ ಡಾಂಬರಿನ ಮೇಲಿರುವಾಗ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಮಾತ್ರ ಸ್ಟೀರಿಂಗ್ ಪಕ್ಕಕ್ಕೆ ಎಳೆಯುತ್ತದೆ, ಎರಡೂ ಕೈ ಇರಲಿ.

ಮೆಕ್ಯಾನಿಕಲ್‌ನ ಇನ್ನೊಂದು ಬಗೆ, ಒಳಗೆ ಕ್ಲಚ್ ಪ್ಲೇಟುಗಳಿರುವ ಪ್ಲೇಟ್ ಡಿಫ್, ರ‍್ಯಾಲಿಯವರಿಗೆ. ಚಕ್ರ ಎದ್ದರೂ ಎಳೆಯುತ್ತದೆ, ಆದರೆ ಫ್ಲೈಓವರ್ ಕೆಳಗಿನ ಯೂ-ಟರ್ನ್‌ನಲ್ಲಿ ಕಟಕಟ ಸದ್ದು, ಟೈರ್ ಉಜ್ಜಾಟ. ಹೊಸದನ್ನು ಖಾಲಿ ಮೈದಾನದಲ್ಲಿ ನಿಧಾನವಾಗಿ ಎಂಟಿನ ಆಕಾರದಲ್ಲಿ ಸುತ್ತಿಸಿ, ಆ ಆಯಿಲ್ ಚೆಲ್ಲಿ ಹೊಸದು ತುಂಬಬೇಕು. ಅದು ಕೇಳುವ ಜಿಎಲ್-5 ದರ್ಜೆಯ ಗೇರ್ ಆಯಿಲ್, ಅದೇ ಆಯಿಲ್‌ನಲ್ಲಿ ಮುಳುಗಿರುವ ಗೇರ್‌ಬಾಕ್ಸಿನ ಹಿತ್ತಾಳೆ ಸಿಂಕ್ರೊ ರಿಂಗುಗಳಿಗೆ (ಗೇರ್ ಸಲೀಸಾಗಿ ಬೀಳಲು ನೆರವಾಗುವ ಬಳೆಗಳು) ಒಗ್ಗದಿರಬಹುದು. ದಿನಾ ಆಫೀಸಿಗೆ ಹೋಗುವ ಕಾರಿಗೆ ಇದು ಖಂಡಿತ ಬೇಡ.

ಹೆಲಿಕಲ್ ಕೂರಿಸುವಾಗ ಕೆಲಸಗಾರನ ಕೈ ಮುಖ್ಯ. ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಹಳೆ ಡಿಫ್‌ನಿಂದ ಕ್ರೌನ್ ವೀಲ್ (ಡಿಫ್ ತಿರುಗಿಸುವ ದೊಡ್ಡ ಹಲ್ಲಿನ ಚಕ್ರ) ತೆಗೆಯಬೇಕು. ಕೆಲವು ಹಳೆ ಫೋಕ್ಸ್‌ವ್ಯಾಗನ್ ಬಾಕ್ಸುಗಳಲ್ಲಿ ಅದು ರಿವೆಟ್ ಹೊಡೆದದ್ದು, ಡ್ರಿಲ್ ಮಾಡಿ ತೆಗೆದು ಬೋಲ್ಟ್ ಹಾಕಬೇಕು. ಲೋಹದ ಪುಡಿ ಒಂದು ಚೂರೂ ಒಳಗುಳಿಯಬಾರದು. ಹೊಸ ಬೇರಿಂಗ್ ಹಾಕಿದ ಮೇಲೆ ಶಿಮ್ (ಸಂದು ಸರಿಹೊಂದಿಸುವ ತೆಳು ಬಿಲ್ಲೆ) ಅಳತೆಯನ್ನು ಮತ್ತೆ ತೆಗೆಯಬೇಕು. ಹಳೆ ಶಿಮ್ಮನ್ನೇ ಹಾಗೇ ಹಾಕುವವರಿದ್ದಾರೆ. ಸಡಿಲವಾದರೆ ಕ್ರೌನ್ ವೀಲ್ ಊಳಿಡುತ್ತದೆ, ಬಿಗಿಯಾದರೆ ಬೇರಿಂಗ್ ಸುಡುತ್ತದೆ. ಎರಡೂ ಆಕ್ಸಲ್ ಸೀಲ್ ಹೊಸದಿರಲಿ. ಬಾಕ್ಸ್ ಹೇಗೂ ಕೆಳಗಿರುವುದರಿಂದ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಅರ್ಧ ಸವೆದಿದ್ದರೂ ಆಗಲೇ ಬದಲಿಸಿ, ಇಲ್ಲದಿದ್ದರೆ ಅದೇ ಕೂಲಿ ಇನ್ನೊಮ್ಮೆ ಬೀಳುತ್ತದೆ. ಮುಂದಿನ ಎರಡು ಟೈರ್ ಯಾವಾಗಲೂ ಜೋಡಿಯಾಗಿಯೇ ಕೊಳ್ಳಿ. ಒಂದು ಹೊಸದು, ಒಂದು ಸವೆದದ್ದು ಇದ್ದರೆ ನೇರ ರಸ್ತೆಯಲ್ಲೂ ಡಿಫ್ ಬಿಡುವಿಲ್ಲದೆ ಉಜ್ಜುತ್ತಲೇ ಇರುತ್ತದೆ.