‘ನೋಡ್ಕೊಳ್ಳಿ’ ಅಂತ ಕೊಟ್ಟ ನಾಯಿ ನಿಮ್ಮದಾಗಲ್ಲ: ಬರೆಸಿಕೊಳ್ಳದೆ ಮನೆಗೆ ತರಬೇಡಿ

ಯಾರಾದರೂ ತಮ್ಮ ನಾಯಿಯನ್ನು ನಿಮಗೆ ಕೊಡುತ್ತೇವೆ ಅಂದರೆ, ದಯವಿಟ್ಟು ಬರೆಸಿಕೊಂಡು ತನ್ನಿ. ಗೊತ್ತಿರುವವರಾದರೆ ಇನ್ನೂ ಮುಖ್ಯ. ಹದಿನೈದು ತಿಂಗಳು ಸಾಕಿದ ಚುಕ್ಕಿಯನ್ನು ನಾವು ಪೊಲೀಸ್ ಠಾಣೆಯಲ್ಲಿ ಬಿಟ್ಟು ಬಂದೆವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2023ರ ಅಕ್ಟೋಬರ್, ಮೈಸೂರಿನಲ್ಲಿ ದಸರಾ ಗದ್ದಲ ಮುಗಿದಿತ್ತು. ನಮ್ಮ ಯಜಮಾನರ ಜೊತೆ ಮೊದಲು ಕೆಲಸ ಮಾಡುತ್ತಿದ್ದವರೊಬ್ಬರಿಗೆ ಪುಣೆಗೆ ವರ್ಗ ಆಯಿತು. ಅಲ್ಲಿ ಸಿಕ್ಕ ಮನೆಯ ಓನರ್ ನಾಯಿ ಬೇಡ ಅಂದರಂತೆ. ಅವರ ಹೆಂಡತಿ ನಮ್ಮ ಹಾಲ್‌ನಲ್ಲಿ ಕೂತು ಅತ್ತರು. ‘ಅಕ್ಕ, ನಿಮ್ಮನ್ನು ಬಿಟ್ಟರೆ ನನಗೆ ಯಾರ ಮೇಲೂ ನಂಬಿಕೆ ಇಲ್ಲ. ಇನ್ಮೇಲೆ ಇವಳು ನಿಮ್ಮವಳೇ’ ಅಂದರು. ನಾನು ಕಿವಿಯಾರೆ ಕೇಳಿದ ಮಾತು. ಆದರೆ ಅದು ಬಾಯಿ ಮಾತು. ಅವತ್ತು ರಾತ್ರಿ ವಾಟ್ಸಾಪ್‌ನಲ್ಲಿ ಬಂದದ್ದು ಬೇರೆ: ‘ಥ್ಯಾಂಕ್ಸ್ ಅಕ್ಕ, ಚುಕ್ಕೀನ ಚೆನ್ನಾಗಿ ನೋಡ್ಕೊಳ್ಳಿ.’ ನಾನೂ ಬರೆದೆ, ‘ಚಿಂತೆ ಮಾಡಬೇಡಿ, ಮಗಳ ಥರ ನೋಡ್ಕೋತೀವಿ.’

ಕೊನೆಗೆ ಉಳಿದ ದಾಖಲೆ ಇವೆರಡೇ ಸಾಲು.

ಚುಕ್ಕಿ ಮೂರು ವರ್ಷದ ಲ್ಯಾಬ್ರಡಾರ್. ಅವಳ ಜೊತೆ ಒಂದು ಸ್ಟೀಲ್ ಬಟ್ಟಲು, ಅರ್ಧ ಚೀಲ ಫುಡ್, ವ್ಯಾಕ್ಸಿನ್ ಪುಸ್ತಕ ಬಂತು. ಪುಸ್ತಕದ ಮೊದಲ ಪುಟದಲ್ಲಿ ಮಾಲೀಕರು ಅಂತ ಅವರ ಹೆಸರಿತ್ತು. ಮುಂದಿನ ವರ್ಷದ ರೇಬಿಸ್ ಇಂಜೆಕ್ಷನ್ನನ್ನೂ ಅದೇ ಪುಸ್ತಕದಲ್ಲೇ ಬರೆಸಿದೆವು. ಹೆಸರು ಬದಲಾಯಿಸಬೇಕು ಅಂತ ಹೊಳೆಯಲೇ ಇಲ್ಲ.

2024ರ ಮಳೆಗಾಲದಲ್ಲಿ ಅವಳಿಗೆ ಉಣ್ಣೆ ಹುಳು ಕಚ್ಚಿ ಬರುವ ಜ್ವರ ಬಂತು. ಒಸಡು ಬಿಳಿಚಿಕೊಂಡಿತ್ತು, ಪ್ಲೇಟ್‌ಲೆಟ್ ಇಳಿದಿತ್ತು. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ. ಬಟ್ಟಲಿಗೆ ಹಾಕಿದ್ದನ್ನು ಮೂಸಿಯೂ ನೋಡುತ್ತಿರಲಿಲ್ಲ. ಮೊಸರನ್ನ ಕಲಸಿ, ನಿಂಬೆ ಗಾತ್ರದ ತುತ್ತು ಮಾಡಿ, ಮಾತ್ರೆಯನ್ನು ಒಳಗಿಟ್ಟು, ಅಂಗೈಯಲ್ಲಿ ಹಿಡಿದರೆ ಮಾತ್ರ ನಿಧಾನಕ್ಕೆ ನೆಕ್ಕುತ್ತಿದ್ದಳು. ಎಷ್ಟೋ ಸಲ ಅನ್ನ ಹೋಗಿ ಮಾತ್ರೆ ಮಾತ್ರ ಕೈಯಲ್ಲಿ ಉಳಿಯುತ್ತಿತ್ತು. ಮತ್ತೆ ಹೊಸ ತುತ್ತು. ಈ ತಿಂಗಳಲ್ಲಿ ಪುಣೆಯಿಂದ ಒಂದು ಫೋನ್ ಬರಲಿಲ್ಲ.

2025ರ ಜನವರಿಯಲ್ಲಿ ಅವರು ವಾಪಸ್ ಮೈಸೂರಿಗೆ ಬಂದರು. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಚುಕ್ಕಿಯನ್ನು ನೋಡಿ ಹೋದರು. ಮರುದಿನ ಮೆಸೇಜ್: ‘ಅಕ್ಕ, ತಿಂಗಳ ಕೊನೆಗೆ ಚುಕ್ಕೀನ ಕರ್ಕೊಂಡು ಹೋಗ್ತೀವಿ. ಇಷ್ಟು ದಿನ ನೋಡ್ಕೊಂಡಿದ್ದಕ್ಕೆ ಥ್ಯಾಂಕ್ಸ್.’ ಕೊಡಲ್ಲ ಅಂದೆ. ವಾರದೊಳಗೆ ಠಾಣೆಯಿಂದ ಫೋನ್ ಬಂತು. ನಾಯಿಯನ್ನು ಕರೆದುಕೊಂಡು ಬನ್ನಿ ಅಂದರು.

ಅಲ್ಲಿ ಮೇಜಿನ ಮೇಲೆ ಅವರು ಒಂದೊಂದಾಗಿ ಇಟ್ಟರು. ಮರಿ ಕೊಂಡ ಬಿಲ್ಲು. ಅವರ ಹೆಸರಿದ್ದ ಕೆನಲ್ ಕ್ಲಬ್ ಪೇಪರ್, ಅಂದರೆ ನಾಯಿಯ ತಳಿ ನೋಂದಣಿ ಪತ್ರ. ಗುರುತಿಗೆ ಅಂತ ಚುಕ್ಕಿಯ ಚರ್ಮದಡಿ ಹಾಕಿಸಿದ್ದ ಮೈಕ್ರೋಚಿಪ್‌ನ ನಂಬರ್. ವ್ಯಾಕ್ಸಿನ್ ಪುಸ್ತಕವನ್ನಂತೂ ನಾನೇ ನನ್ನ ಚೀಲದಿಂದ ತೆಗೆದುಕೊಟ್ಟೆ. ನನ್ನ ಕಡೆ ಇದ್ದದ್ದು ಮೊಬೈಲ್ ತುಂಬಾ ಫೋಟೋ, ಮತ್ತೆ ಒಂದು ಕಂತೆ ಔಷಧಿ ಬಿಲ್ಲು. ಬಿಲ್ಲಿನ ಮೇಲೆ ‘ಚುಕ್ಕಿ, ಲ್ಯಾಬ್, ಹೆಣ್ಣು’ ಅಂತ ಮಾತ್ರ ಇತ್ತು. ನಮ್ಮ ಹೆಸರು ಒಂದರಲ್ಲೂ ಇರಲಿಲ್ಲ. ಫೋಟೋ ನೋಡಿ ಅಲ್ಲಿದ್ದ ಅಧಿಕಾರಿ ಹೇಳಿದ್ದು: ‘ನಾಯಿ ನಿಮ್ಮ ಮನೇಲಿತ್ತು ಅಂತ ಅವರೂ ಒಪ್ತಾರಲ್ಲಮ್ಮ.’

ಕಾನ್‌ಸ್ಟೇಬಲ್ ಒಬ್ಬರು ಪಾಪ, ಒಳ್ಳೆ ಮನಸ್ಸಿನಿಂದಲೇ, ‘ಅದನ್ನೇ ಬಿಡಿ ಸಾರ್, ಯಾರ ಹತ್ರ ಹೋಗುತ್ತೋ ನೋಡೋಣ’ ಅಂದರು. ಬೆಲ್ಟ್ ಬಿಟ್ಟೆ. ಚುಕ್ಕಿ ಅವರ ಕೈ ನೆಕ್ಕಿದಳು, ಬಂದು ನನ್ನ ಪಾದದ ಮೇಲೆ ಕೂತಳು, ಮತ್ತೆ ಎದ್ದು ಆ ಹುಡುಗಿಯ ತೊಡೆ ಮೇಲೆ ತಲೆ ಇಟ್ಟಳು. ಆ ಮಗು ಜೋರಾಗಿ ಅಳತೊಡಗಿತು. ನನಗೂ ಕಣ್ಣೀರು ನಿಲ್ಲಲಿಲ್ಲ.

ಆಮೇಲೆ ‘ಎಫ್‌ಐಆರ್’ ಅನ್ನುವ ಮಾತು ಬಂತು. ನಂಬಿಕೆ ದ್ರೋಹ ಆಗುತ್ತೆ ಅಂದರು. ಹೆದರಿಬಿಟ್ಟೆವು. ‘ಜೋಪಾನಕ್ಕೆ ಪಡೆದಿದ್ದ ನಾಯಿಯನ್ನು ಸ್ವಇಚ್ಛೆಯಿಂದ ಹಿಂದಿರುಗಿಸಿದ್ದೇವೆ’ ಅಂತ ಬರೆದ ಮುಚ್ಚಳಿಕೆಗೆ ಇಬ್ಬರೂ ಸಹಿ ಹಾಕಿದೆವು. ಬರೆಸಿಕೊಳ್ಳದೆ ತಂದದ್ದು ಒಂದು ತಪ್ಪಾದರೆ, ಈ ಸಹಿ ಅದಕ್ಕಿಂತ ದೊಡ್ಡ ತಪ್ಪು.

ವಕೀಲರ ಹತ್ತಿರ ಹೋದದ್ದು ಮಾರನೇ ದಿನ. ಹಿಂದಿನ ದಿನವೇ ಫೋನ್ ಮಾಡಬೇಕಿತ್ತು. ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ನಮಗೆ ನಾಯಿ ಮನೆಯ ಮಗುವೇ ಇರಬಹುದು, ಮಾಲೀಕತ್ವದ ಜಗಳದಲ್ಲಿ ಕಾನೂನಿಗೆ ಅದು ಚರ ಆಸ್ತಿ, ಒಂದು ಸ್ಕೂಟರ್ ಇದ್ದ ಹಾಗೆ. ಚರ ಆಸ್ತಿಯನ್ನು ದಾನ ಕೊಡುವುದಕ್ಕೆ ನೋಂದಣಿಯೇನೂ ಬೇಡ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ, ದಾನ ಅಂತ ಕೈಗೆ ಕೊಟ್ಟು, ನೀವು ಒಪ್ಪಿಕೊಂಡರೆ ಸಾಕು. ಹಾಗೆ ಕೊಟ್ಟದ್ದನ್ನು ಮನಸ್ಸು ಬದಲಾಯಿತು ಅಂತ ಸುಮ್ನೆ ವಾಪಸ್ ಕೇಳುವ ಹಾಗಿಲ್ಲ. ಇಲ್ಲಿಯವರೆಗೆ ನಮ್ಮ ಪರವೇ, ಅಲ್ವಾ?

ಆದರೆ ದಾನ ಅಂತಲೇ ಕೊಟ್ಟರು ಅನ್ನುವುದನ್ನು ತೋರಿಸಬೇಕಾದವರು ನಾವು. ಬರೀ ನೋಡಿಕೊಳ್ಳಲು ಕೊಟ್ಟದ್ದು ಅಂತಾದರೆ 1872ರ ಕರಾರು ಕಾಯ್ದೆ ಬರುತ್ತದೆ. ಆಗ ಎಷ್ಟು ದಿನ ಸಾಕಿದರೂ ನಾಯಿ ಅವರದ್ದೇ. ಆ ಕಾಯ್ದೆಯ 163ನೇ ಕಲಮಿನಲ್ಲಿ ಒಂದು ಹಸುವಿನ ಉದಾಹರಣೆ ಇದೆ. ಒಬ್ಬ ತನ್ನ ಹಸುವನ್ನು ನೋಡಿಕೋ ಅಂತ ಇನ್ನೊಬ್ಬನ ಹತ್ತಿರ ಬಿಡುತ್ತಾನೆ, ಅಲ್ಲಿ ಅದು ಕರು ಹಾಕುತ್ತದೆ. ಹಸುವಿನ ಜೊತೆ ಕರುವನ್ನೂ ಕೊಡಬೇಕು. ಚುಕ್ಕಿ ನಮ್ಮ ಮನೆಯಲ್ಲಿ ಮರಿ ಹಾಕಿದ್ದರೆ ಅವೂ ಅವರದ್ದೇ ಆಗುತ್ತಿದ್ದವು.

ಅದೇ ಕಾಯ್ದೆಯ 158ನೇ ಕಲಮಿನಂತೆ, ಸಂಬಳವಿಲ್ಲದೆ ನೋಡಿಕೊಂಡವರು ಮಾಡಿದ ಅಗತ್ಯ ಖರ್ಚನ್ನು ಮಾಲೀಕರು ಕೊಡಬೇಕು. ಠಾಣೆಯಲ್ಲಿ ನಮಗೆ ಇದು ಗೊತ್ತಿರಲಿಲ್ಲ. ದುಡ್ಡು ನನಗೆ ಮುಖ್ಯ ಅಲ್ಲ. ಆದರೂ ‘ಹಾಗಾದರೆ ಖರ್ಚು ಕೊಟ್ಟು ಕರೆದುಕೊಂಡು ಹೋಗಿ’ ಅಂದಿದ್ದರೆ ಮಾತುಕತೆಯ ದಾರಿಯೇ ಬೇರೆ ಆಗುತ್ತಿತ್ತೇನೋ.

ಇನ್ನೊಂದು ವಿಷಯ. ನಾಯಿ ಯಾರದ್ದು ಅಂತ ತೀರ್ಮಾನ ಮಾಡುವುದು ಠಾಣೆಯಲ್ಲಿ ಅಲ್ಲ, ಸಿವಿಲ್ ಕೋರ್ಟಿನಲ್ಲಿ. ಅವರಾಗಿಯೇ ಕೈಗೆ ಕೊಟ್ಟ ನಾಯಿ, ಅದು ಕಳ್ಳತನ ಆಗುವುದಿಲ್ಲ. ‘ಇದು ಸಿವಿಲ್ ವ್ಯಾಜ್ಯ ಅಂತ ಹಿಂಬರಹ (ಠಾಣೆಯ ಲಿಖಿತ ಉತ್ತರ) ಕೊಡಿ, ವಕೀಲರನ್ನು ಕೇಳಿ ಬರುತ್ತೇವೆ’ ಅಂತ ಹೇಳಿ ಚುಕ್ಕಿ ಜೊತೆ ಎದ್ದು ಬರಬಹುದಿತ್ತು. ನಾವೇ ಸಹಿ ಹಾಕಿದ ಕಾಗದ ಇಟ್ಟುಕೊಂಡು ಈಗ ಕೇಸ್ ಹಾಕಿದರೂ ಕಷ್ಟ ಅಂದರು ವಕೀಲರು. ಅದು ಮುಗಿಯುವಷ್ಟರಲ್ಲಿ ಚುಕ್ಕಿಗೆ ಎಷ್ಟು ವಯಸ್ಸಾಗಿರುತ್ತದೋ. ಬಿಟ್ಟುಬಿಟ್ಟೆವು.

ನೀವು ತರುವುದಾದರೆ ಒಂದು ಹಾಳೆ ಸಾಕು. ನಾಯಿಯ ಹೆಸರು, ಬಣ್ಣ, ಗುರುತು, ಚಿಪ್ ಇದ್ದರೆ ಅದರ 15 ಅಂಕಿ. ‘ಈ ದಿನದಿಂದ ಶಾಶ್ವತವಾಗಿ, ಯಾವ ಷರತ್ತೂ ಇಲ್ಲದೆ ದಾನವಾಗಿ ಕೊಟ್ಟಿದ್ದೇವೆ, ಮುಂದೆ ವಾಪಸ್ ಕೇಳುವುದಿಲ್ಲ’ ಅನ್ನುವ ಸಾಲು ಇರಲೇಬೇಕು. ‘ಸಾಕಲು’, ‘ನೋಡಿಕೊಳ್ಳಲು’ ಅನ್ನುವ ಪದ ಎಲ್ಲೂ ಬೇಡ. ಎರಡೂ ಕಡೆಯವರ ಸಹಿ, ಇಬ್ಬರು ಸಾಕ್ಷಿ. ಮನೆಯಲ್ಲಿ ಗಂಡ ಹೆಂಡತಿ ಇದ್ದರೆ ಇಬ್ಬರದ್ದೂ ಹಾಕಿಸಿ, ಇಲ್ಲದಿದ್ದರೆ ನಾಳೆ ಇನ್ನೊಬ್ಬರು ‘ನನ್ನನ್ನು ಕೇಳಲೇ ಇಲ್ಲ’ ಅನ್ನಬಹುದು. ಚಿಪ್ ಒಳಗೆ ಇರುವುದು ನಂಬರ್ ಮಾತ್ರ. ಹೆಸರು ಇರುವುದು ಅದನ್ನು ನೋಂದಾಯಿಸಿದ ಕಡೆ. ಅಲ್ಲೂ ಬದಲಾಯಿಸಬೇಕು.

ಕೊಡುವವರಿಗೂ ಒಂದು ಮಾತು. ವಾಪಸ್ ಬರುವ ಯೋಚನೆ ಇದ್ದರೆ ಮೊದಲೇ ಹೇಳಿ. ‘ಒಂದು ವರ್ಷ ಇಟ್ಟುಕೊಳ್ಳುತ್ತೀರಾ’ ಅಂತ ಅವರು ಕೇಳಿದ್ದರೂ ನಾನು ಹ್ಞೂಂ ಅನ್ನುತ್ತಿದ್ದೆ.

ಕಾಗದ ಇಲ್ಲದೆ ಈಗಾಗಲೇ ತಂದಿದ್ದರೆ, ಸಂಬಂಧ ಚೆನ್ನಾಗಿರುವಾಗಲೇ ಇವತ್ತೇ ಒಂದು ಮೆಸೇಜ್ ಹಾಕಿ: ‘ನೀವು ನಮಗೆ ಪೂರ್ತಿಯಾಗಿ ಕೊಟ್ಟಿದ್ದೀರಿ ಅಲ್ವಾ, ಡಾಕ್ಟರ್ ಪುಸ್ತಕದಲ್ಲಿ ಹೆಸರು ಬದಲಾಯಿಸೋಕೆ ಕೇಳ್ತಿದ್ದಾರೆ.’ ‘ಹೌದು’ ಅಂತ ಬಂದ ಉತ್ತರವನ್ನು ತೆಗೆದಿಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿ ನಿಮ್ಮ ಹೆಸರಿನಲ್ಲಿ ಹೊಸ ಪುಸ್ತಕ ಮಾಡಿಸಿ. ಬಿಲ್ಲಿನಲ್ಲಿ ನಾಯಿಯ ಹೆಸರಿನ ಪಕ್ಕ ನಿಮ್ಮ ಹೆಸರನ್ನೂ ಬರೆಸಿ.